ಕಡಗೋಲು ಸೆಂಟ್ರಿಫ್ಯೂಜ್ ಅಲ್ಲ: ಮಿಶ್ರಣಗಳ ಪಾಠದ ಒಂದು ಉದಾಹರಣೆಯನ್ನು ಕುರಿತು

ಪ್ರೌಢಶಾಲೆಯಲ್ಲಿ ಮಿಶ್ರಣಗಳನ್ನು ಬೇರ್ಪಡಿಸುವ ವಿಧಾನಗಳ ಪಾಠ ಮಾಡಿದ ಪ್ರಶಿಕ್ಷಣಾರ್ಥಿಗಳಿಗೆಲ್ಲ ಸೆಂಟ್ರಿಫ್ಯೂಜ್ ಭಾಗ ಚೆನ್ನಾಗಿ ಗೊತ್ತು. ದ್ರವವನ್ನು ರಭಸದಿಂದ ಸುತ್ತಿಸಿದರೆ ಹೆಚ್ಚು ಸಾಂದ್ರತೆಯ ಕಣಗಳು ಹೊರಕ್ಕೆ ಹೋಗಿ ತಳ ಸೇರುತ್ತವೆ, ಕಡಿಮೆ ಸಾಂದ್ರತೆಯವು ಮೇಲೆ ಉಳಿಯುತ್ತವೆ. ಇದಕ್ಕೆ ಸಾಮಾನ್ಯವಾಗಿ ಮೂರು ಅನ್ವಯಗಳನ್ನು ಹೇಳಿಸುತ್ತೇವೆ: ರಕ್ತ, ಮೂತ್ರ ಪರೀಕ್ಷಿಸುವ ಪ್ರಯೋಗಾಲಯ; ಒದ್ದೆ ಬಟ್ಟೆಯ ನೀರು ತೆಗೆಯುವ ವಾಷಿಂಗ್ ಮೆಷೀನ್; ಡೈರಿಯಲ್ಲೂ ಮನೆಯಲ್ಲೂ ಕೆನೆಯಿಂದ ಬೆಣ್ಣೆ ತೆಗೆಯುವುದು. ಶಾಲೆಯಲ್ಲಿ ಸೆಂಟ್ರಿಫ್ಯೂಜ್ ಯಂತ್ರ ಇಲ್ಲದಿದ್ದರೆ ಮನೆಯ ಕಡಗೋಲಿನಿಂದಲೇ ಚಟುವಟಿಕೆ ಮಾಡಬಹುದೆಂಬ ಸೂಚನೆಯನ್ನೂ ಪಠ್ಯದಲ್ಲಿ ಓದಿದ್ದೇವೆ.

ಮೊದಲ ಎರಡು ಉದಾಹರಣೆಗಳಿಗೆ ನನ್ನ ತಕರಾರಿಲ್ಲ. ಮೂರನೆಯದು ಮಾತ್ರ ಪಾಠಯೋಜನೆ ಬರೆಯುವಾಗಲೇ ಗಂಟಲಲ್ಲಿ ಸಿಕ್ಕಿಕೊಂಡಿತು. ಕಾರಣ ಸರಳ. ನಮ್ಮದು ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆ. ಎರಡು ಹಸು, ಒಂದು ಎಮ್ಮೆ. ಪಡಸಾಲೆಯ ಕಂಬಕ್ಕೆ ಕಟ್ಟಿದ ಮಂತನ್ನು ನೋಡುತ್ತ, ಕೆಲವು ದಿನ ಅದರ ಹಗ್ಗ ಎಳೆಯುತ್ತ ಬೆಳೆದವಳು ನಾನು. ಆ ಮಂತು ಒಂದೇ ದಿಕ್ಕಿಗೆ ಎಂದೂ ತಿರುಗಿದ್ದಿಲ್ಲ. ಬಲಗೈ ಎಳೆದಾಗ ಒಂದು ಕಡೆಗೆ, ಎಡಗೈ ಎಳೆದಾಗ ಇನ್ನೊಂದು ಕಡೆಗೆ. ಸೆಕೆಂಡಿಗೊಮ್ಮೆ ದಿಕ್ಕು ಬದಲಿಸುವ ಸಾಧನವೊಂದು ಸೆಂಟ್ರಿಫ್ಯೂಜ್ ಆಗುವುದು ಹೇಗೆ?

ಬೋಧನಾಭ್ಯಾಸದ ಶಾಲೆಯಲ್ಲಿ ಈ ಪ್ರಶ್ನೆಯನ್ನು ನಾನು ಕೇಳಬೇಕಾಗಿಯೇ ಬರಲಿಲ್ಲ. "ಮಿಸ್, ನಮ್ಮನೇಲಿ ಎರಡೂ ಕಡೆಗೆ ತಿರುಗುತ್ತೆ. ಒಂದ್ಸಲ ಹೊರಗೆ ಹೋದದ್ದು ಮತ್ತೆ ಒಳಗೆ ಬರಲ್ವಾ?" ಎಂದು ಮೂರನೆಯ ಬೆಂಚಿನ ಹುಡುಗನೇ ಕೇಳಿದ. ಮನೆಯಲ್ಲಿ ಎಮ್ಮೆ ಸಾಕಿದ ಹುಡುಗ. ಅವನಿಗೆ ಉತ್ತರ ಕೊಡಬೇಕಾದರೆ ಕಡಗೋಲು ನಿಜವಾಗಿ ಏನು ಮಾಡುತ್ತದೆ ಎಂಬುದು ನಮಗೆ ತಿಳಿದಿರಬೇಕು. ಈ ಲೇಖನ ಅಷ್ಟಕ್ಕೇ.

ಸಾಧನದ ಭಾಗಗಳು

ಪಟ್ಟಣದಲ್ಲಿ ಬೆಳೆದ ಪ್ರಶಿಕ್ಷಣಾರ್ಥಿಗಳಿಗಾಗಿ ಮೊದಲು ಸಾಧನದ ಪರಿಚಯ. ಕಡಗೋಲು, ಕಡೆಗೋಲು, ಮಂತು ಎಂಬ ಹೆಸರುಗಳೆಲ್ಲ ಒಂದೇ ವಸ್ತುವಿಗೆ ಸಲ್ಲುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಅಜ್ಜಿ ಒಂದು ಭೇದ ಮಾಡುತ್ತಾರೆ: ಎರಡು ಅಂಗೈಗಳ ನಡುವೆ ಹೊಸೆಯುವ ಅಡುಗೆಮನೆಯ ಚಿಕ್ಕದು ಕಡಗೋಲು, ಹಗ್ಗ ಸುತ್ತಿ ಎಳೆಯುವ ದೊಡ್ಡದು ಮಂತು. ಮೊದಲನೆಯದು ಮಜ್ಜಿಗೆ ಮಾಡಲು, ಬೆಂದ ಬೇಳೆ ಮಸೆಯಲು. ಎರಡನೆಯದು ಬೆಣ್ಣೆಗೆ.

ಮಂತಿಗೆ ಎರಡು ಭಾಗ. ಎದೆಯೆತ್ತರದ ಕೋಲು ಒಂದು, ಅದರ ತುದಿಗೆ ಕೂಡಿಸಿದ ಮರದ ತಲೆ ಇನ್ನೊಂದು. ನಮ್ಮದರ ಕೋಲು ಬಿದಿರಿನದು, ತಲೆ ಹಲಸಿನ ಮರದ್ದು. ತಲೆಯ ಆಕಾರವನ್ನು ಮಾತಿನಲ್ಲಿ ಹೇಳುವುದಾದರೆ, ಅರ್ಧ ಅರಳಿದ ಹೂವನ್ನು ಬೋರಲು ಹಾಕಿದಂತೆ. ಸುತ್ತ ಎಸಳುಗಳು, ಎಸಳುಗಳ ನಡುವೆ ಉದ್ದುದ್ದ ಸೀಳು. ಈ ಸೀಳುಗಳು ಅಲಂಕಾರಕ್ಕೆ ಕೊರೆದವಲ್ಲ. ಮೊಸರು ಅವುಗಳ ಮೂಲಕ ನುಗ್ಗಿ ಹೊರಬೀಳಬೇಕು. ಗುಂಡಗೆ ನುಣುಪಾದ ಮರದ ಚೆಂಡನ್ನು ಕೋಲಿಗೆ ಸಿಕ್ಕಿಸಿ ತಿರುಗಿಸಿದರೆ ಮೊಸರು ಅದರ ಪಕ್ಕದಲ್ಲೇ ಜಾರಿಹೋಗುತ್ತದೆ, ಒಡೆಯುವುದಿಲ್ಲ.

ಮಡಕೆ ನೆಲದ ಮೇಲೆ ಸಿಂಬಿಯಲ್ಲಿ ಕೂರುತ್ತದೆ. ಕೋಲು ನೆಟ್ಟಗೆ ನಿಲ್ಲಲು ಕಂಬಕ್ಕೆ ಮೇಲೊಂದು, ಕೆಳಗೊಂದು ಕುಣಿಕೆ. ಅವೆರಡೂ ಸಡಿಲವಾಗಿರಬೇಕು, ಬಿಗಿಯಾದರೆ ಕೋಲು ತಿರುಗುವುದಿಲ್ಲ, ತೀರಾ ಸಡಿಲವಾದರೆ ತಲೆ ಮಡಕೆಗೆ ಬಡಿಯುತ್ತದೆ. ಎರಡು ಕುಣಿಕೆಗಳ ನಡುವೆ ಎಳೆಯುವ ಹಗ್ಗವನ್ನು ಎರಡು ಮೂರು ಸುತ್ತು ಸುತ್ತಿ ಎರಡೂ ತುದಿಗಳನ್ನು ಕೈಗೆ ಬಿಡುತ್ತಾರೆ. ಹಿಂದೆ ಕತ್ತಾಳೆ ನಾರಿನ ಹಗ್ಗವಿತ್ತು, ಈಗ ಹತ್ತಿಯ ಹಗ್ಗ. ನೈಲಾನ್ ಹಗ್ಗವನ್ನೂ ಒಮ್ಮೆ ಕಟ್ಟಿ ನೋಡಿದ್ದಾಯಿತು. ಅದು ಬಿದಿರಿನ ಮೇಲೆ ಜಾರುತ್ತದೆ, ಅಂಗೈಯನ್ನೂ ಕೊಯ್ಯುತ್ತದೆ.

ಹಗ್ಗ ಏಕೆ ಎರಡು ಮೂರು ಸುತ್ತು? ಇಲ್ಲಿ ಬಿ.ಎಸ್ಸಿ.ಯಲ್ಲಿ ಓದಿದ ಭೌತವಿಜ್ಞಾನ ನೆರವಿಗೆ ಬರುತ್ತದೆ. ದುಂಡನೆಯ ಕಂಬಕ್ಕೆ ಸುತ್ತಿದ ಹಗ್ಗದ ಹಿಡಿತ ಸುತ್ತುಗಳ ಜೊತೆ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, ಎರಡು ಸುತ್ತಿನ ಹಗ್ಗ ಜಾರಲು ಒಂದು ಕೈಯ ಎಳೆತ ಇನ್ನೊಂದು ಕೈಯ ಎಳೆತದ ಸುಮಾರು 43 ಪಟ್ಟು ಆಗಬೇಕು. ಮೂರು ಸುತ್ತಿಗೆ ಅದು ಸುಮಾರು 285 ಪಟ್ಟು. ಹಾಗಾಗಿ ಸಡಿಲ ಬಿಡುವ ಕೈ ಹಗ್ಗವನ್ನು ಪೂರ್ತಿ ಬಿಡದೆ ಚೂರು ಬಿಗಿ ಇಟ್ಟುಕೊಂಡರೆ ಸಾಕು, ಹಗ್ಗ ಜಾರದೆ ಕೋಲನ್ನು ತಿರುಗಿಸುತ್ತದೆ. ದೊಡ್ಡ ಹಡಗನ್ನು ಬಂದರಿನ ಗೂಟಕ್ಕೆ ಕಟ್ಟುವುದೂ ಇದೇ ತತ್ತ್ವದಿಂದ.

ಒಂದು ಅಳತೆಯನ್ನು ನಾನೇ ತೆಗೆದೆ. ಕೋಲಿನ ವ್ಯಾಸ 3 ಸೆಂ.ಮೀ., ಅಂದರೆ ಪರಿಧಿ ಸುಮಾರು 9.4 ಸೆಂ.ಮೀ. ಕೈ ಒಮ್ಮೆ ಎಳೆಯುವುದು ಹತ್ತಿರ ಹತ್ತಿರ ಅರ್ಧ ಮೀಟರು. ಆದ್ದರಿಂದ ಒಂದು ಎಳೆತಕ್ಕೆ ಕೋಲು ಸುಮಾರು 5 ಸುತ್ತು ತಿರುಗುತ್ತದೆ. ತಲೆಯ ವ್ಯಾಸ 12 ಸೆಂ.ಮೀ., ಕೋಲಿನ ನಾಲ್ಕು ಪಟ್ಟು. ಹಾಗಾಗಿ ಕೈ ಸೆಕೆಂಡಿಗೆ ಅರ್ಧ ಮೀಟರು ಸರಿದರೆ ತಲೆಯ ಅಂಚು ಸೆಕೆಂಡಿಗೆ 2 ಮೀಟರು ಸರಿಯುತ್ತದೆ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ ಇದು. ಸರಳ ಯಂತ್ರಗಳ ಪಾಠಕ್ಕೂ ಹೊಂದುತ್ತದೆ. ಅಂಗೈಯಲ್ಲಿ ಹೊಸೆಯುವ ಕಡಗೋಲಿನಲ್ಲಿ ಒಂದು ಸಲಕ್ಕೆ ಒಂದೂವರೆ ಸುತ್ತು ಸಿಕ್ಕರೆ ಹೆಚ್ಚು. ಐದು ಸೇರು ಮೊಸರನ್ನು ಅದರಲ್ಲಿ ಕಡೆಯಲು ಹೊರಟವರ ಭುಜದ ಗತಿ ಊಹಿಸಬಹುದು. ಹಗ್ಗ ಕಟ್ಟಿದ ಮೇಲೂ ಅದು ಹಗುರ ಕೆಲಸವೇನಲ್ಲ. ನಮ್ಮ ಮನೆಯಲ್ಲಿ ಹಗ್ಗ ಹಿಡಿದವರೆಲ್ಲ ಹೆಂಗಸರೇ, ಅದರಲ್ಲೂ ಸೊಸೆಯಂದಿರು.

ಹಾಲಿನಲ್ಲಿ ಬೆಣ್ಣೆ ಇಲ್ಲ

ಈಗ ಮುಖ್ಯ ವಿಷಯ. 'ಹಾಲಿನಲ್ಲಿ ಬೆಣ್ಣೆ ಅಡಗಿದೆ, ಕಡೆದರೆ ಹೊರಬರುತ್ತದೆ' ಎಂಬ ಮಾತು ಕೇಳಲು ಚೆನ್ನ. ವಿಜ್ಞಾನದ ತರಗತಿಯಲ್ಲಿ ಅದನ್ನು ಸ್ವಲ್ಪ ತಿದ್ದಬೇಕು. ಹಾಲಿನಲ್ಲಿ ಇರುವುದು ಕೊಬ್ಬು. ಅದು ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿಕೊಂಡಿದೆ. ಹನಿಯ ವ್ಯಾಸ ಸರಾಸರಿ 3ರಿಂದ 4 ಮೈಕ್ರೋಮೀಟರು; ಇಪ್ಪತ್ತು ಹನಿಗಳನ್ನು ಸಾಲಾಗಿ ಇಟ್ಟರೆ ಒಂದು ತಲೆಗೂದಲಿನ ದಪ್ಪ. ಪ್ರತಿ ಹನಿಗೂ ಪ್ರೋಟೀನು ಮತ್ತು ಫಾಸ್ಫೋಲಿಪಿಡ್‌ಗಳ ತೆಳುವಾದ ಪೊರೆ ಇದೆ. ಆ ಪೊರೆಯ ದೆಸೆಯಿಂದಲೇ ಒಂದು ಹನಿ ಇನ್ನೊಂದಕ್ಕೆ ತಾಗಿದರೂ ಎರಡೂ ಬೆರೆಯದೆ ದೂರ ಸರಿಯುತ್ತವೆ.

ಕೊಬ್ಬು ನೀರಿಗಿಂತ ಹಗುರ. ಕಾಯಿಸಿದ ಹಾಲನ್ನು ರಾತ್ರಿ ಹಾಗೆಯೇ ಬಿಟ್ಟರೆ ಈ ಹನಿಗಳು ಮೇಲೇರಿ ಕೆನೆಯಾಗುತ್ತವೆ. ಗುರುತ್ವಾಕರ್ಷಣೆ ರಾತ್ರಿಯಿಡೀ ನಿಧಾನವಾಗಿ ಮಾಡುವ ಈ ಕೆಲಸವನ್ನು ಸೆಂಟ್ರಿಫ್ಯೂಜ್ ಕೆಲವೇ ನಿಮಿಷಗಳಲ್ಲಿ ಮಾಡುತ್ತದೆ. ಸ್ವೀಡನ್ನಿನ ಗುಸ್ಟಾಫ್ ಡಿ ಲಾವಾಲ್ 1878ರಲ್ಲಿ ರೂಪಿಸಿದ ಕೆನೆ ಬೇರ್ಪಡಿಸುವ ಯಂತ್ರ ಮಾಡಿದ್ದೂ ಇದನ್ನೇ. ಆ ಯಂತ್ರದ ಒಂದು ಕೊಳವೆಯಿಂದ ಕೆನೆ, ಇನ್ನೊಂದರಿಂದ ಕೆನೆ ತೆಗೆದ ಹಾಲು ಬರುತ್ತದೆ. ಬೆಣ್ಣೆ ಬರುವುದಿಲ್ಲ. ಕೆನೆಯಲ್ಲಿ ಹನಿಗಳು ಒತ್ತೊತ್ತಾಗಿ ಸೇರಿದ್ದರೂ ಪ್ರತಿಯೊಂದೂ ತನ್ನ ಪೊರೆಯೊಳಗೇ ಇದೆ. ಡೈರಿಯಲ್ಲಿ ಆ ಕೆನೆಯನ್ನು ಬೇರೊಂದು ಯಂತ್ರಕ್ಕೆ ಹಾಕಿ ಕಡೆದ ಮೇಲೆಯೇ ಬೆಣ್ಣೆ.

ಕೆನೆ ಬೇರೆ, ಬೆಣ್ಣೆ ಬೇರೆ. ಹಳ್ಳಿಯ ಮಗುವಿಗೆ ಇದು ಗೊತ್ತು. ಕನ್ನಡದಲ್ಲಿ ಎರಡಕ್ಕೂ ಎರಡು ಮಾತಿವೆ, ಅಡುಗೆಮನೆಯಲ್ಲಿ ಎರಡಕ್ಕೂ ಎರಡು ಪಾತ್ರೆಯಿವೆ. ನಮ್ಮ ಪಾಠ ಅವೆರಡನ್ನೂ ಒಂದೇ ಸಾಲಿನಲ್ಲಿ ಕಲಸಿಬಿಡುತ್ತದೆ.

ಕಡಗೋಲಿನ ಕೆಲಸ ಕೆನೆಯನ್ನು ಬೇರ್ಪಡಿಸುವುದಲ್ಲ, ಪೊರೆಗಳನ್ನು ಹರಿದು ಹನಿಗಳನ್ನು ಒಂದಕ್ಕೊಂದು ಅಂಟಿಸುವುದು. ತಿರುಗುವ ಎಸಳುಗಳು ಮೊಸರನ್ನು ಒಡೆಯುತ್ತವೆ. ಹನಿಗಳು ಒಂದಕ್ಕೊಂದು ಬಡಿಯುತ್ತವೆ. ಜೊತೆಗೆ ಗಾಳಿ ಒಳಗೆ ಸೇರಿ ನೊರೆಯೇಳುತ್ತದೆ. ಹನಿಗಳು ಗಾಳಿಗುಳ್ಳೆಗಳ ಮೈಗೆ ಹತ್ತಿಕೊಳ್ಳುತ್ತವೆ, ಅಲ್ಲಿ ಪೊರೆ ಹರಿದು ಒಳಗಿನ ಕೊಬ್ಬು ಹರಡುತ್ತದೆ. ಗುಳ್ಳೆ ಒಡೆದಾಗ ಹನಿಗಳು ಗುಂಪಾಗಿ ಉಳಿಯುತ್ತವೆ. ಗುಂಪು ಗುಂಪಿಗೆ ಸೇರಿ ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು ಕಾಳಾಗುತ್ತದೆ. ನೊರೆ ಏರುತ್ತ ಹೋಗಿ ಒಮ್ಮೆಗೇ ಕುಸಿದರೆ ಬೆಣ್ಣೆ ಹತ್ತಿರ ಬಂತೆಂದು ಅಜ್ಜಿ ಹೇಳುತ್ತಾರೆ. ಅವರು ಮಡಕೆಯೊಳಗೆ ಇಣುಕುವುದೂ ಕಡಿಮೆ. ಮೊದಲು ಮಂದವಾಗಿದ್ದ ಸದ್ದು ಸಳಸಳ ಎಂದು ನೀರಾದಾಗ ಹಗ್ಗ ನಿಲ್ಲಿಸುತ್ತಾರೆ.

ಹೀಗೆ ಕೊಬ್ಬಿನ ಹನಿಗಳು ನೀರಿನಲ್ಲಿ ಹರಡಿದ್ದ ಸ್ಥಿತಿ ತಲೆಕೆಳಗಾಗುತ್ತದೆ. ಬೆಣ್ಣೆಯಲ್ಲಿ ಶೇ. 80ರಷ್ಟು ಕೊಬ್ಬು, ಅದರೊಳಗೆ ಶೇ. 16ರ ಆಸುಪಾಸು ನೀರು ಸಣ್ಣ ಹನಿಗಳಾಗಿ ಸಿಕ್ಕಿಕೊಂಡಿರುತ್ತದೆ. ಹಾಲು ನೀರಿನೊಳಗಿನ ಕೊಬ್ಬು. ಬೆಣ್ಣೆ ಕೊಬ್ಬಿನೊಳಗಿನ ನೀರು. ತುಪ್ಪ ಕಾಸುವಾಗ ಚಟಪಟ ಸದ್ದು ಮಾಡಿ ಆವಿಯಾಗುವುದು ಈ ನೀರೇ.

ಸೆಂಟ್ರಿಫ್ಯೂಜ್ ಅಲ್ಲ ಎನ್ನಲು ಇರುವ ಆಧಾರ

ಸಾಂದ್ರತೆಯ ಪಾತ್ರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕಾಳುಗಟ್ಟಿದ ಬೆಣ್ಣೆ ಮಜ್ಜಿಗೆಯ ಮೇಲೆ ತೇಲುವುದು ಹಗುರವಾದ್ದರಿಂದಲೇ. ಆದರೆ ಆ ಘಟ್ಟದಲ್ಲಿ ಮಂತು ನಿಂತಿರುತ್ತದೆ. ಬೆಣ್ಣೆ ತೇಲಿಸುವುದು ಗುರುತ್ವಾಕರ್ಷಣೆ.

ಮಂತಿನ ವೇಗವನ್ನು ನೋಡೋಣ. ನಿಮಿಷಕ್ಕೆ 60 ಎಳೆತ, ಎಳೆತಕ್ಕೆ 5 ಸುತ್ತು ಎಂದರೆ ನಿಮಿಷಕ್ಕೆ ಸರಾಸರಿ 300 ಸುತ್ತು. ಕೆನೆ ಬೇರ್ಪಡಿಸುವ ಯಂತ್ರದ ಬಟ್ಟಲು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅದನ್ನು 6000 ಎಂದಿಟ್ಟುಕೊಳ್ಳಿ. ವೇಗ 20 ಪಟ್ಟು. ವೇಗೋತ್ಕರ್ಷ ವೇಗದ ವರ್ಗವನ್ನು ಅನುಸರಿಸುವುದರಿಂದ ಅದೇ ತ್ರಿಜ್ಯಕ್ಕೆ 400 ಪಟ್ಟು. ಇದೂ ಮಡಕೆಯ ಮೊಸರೆಲ್ಲ ಮಂತಿನ ಜೊತೆ ಒಂದೇ ದಿಕ್ಕಿಗೆ ಸುತ್ತಿದರೆ ಮಾತ್ರ ಹೊಂದುವ ಹೋಲಿಕೆ. ಅದು ಹಾಗೆ ಸುತ್ತಬಾರದೆಂಬುದೇ ಹಗ್ಗದ ಉದ್ದೇಶ.

ಲೋಟದ ಚಹಾವನ್ನು ಚಮಚದಿಂದ ಒಂದೇ ದಿಕ್ಕಿಗೆ ತಿರುಗಿಸಿ ನೋಡಿ. ಸ್ವಲ್ಪ ಹೊತ್ತಿಗೆ ಚಹಾ ಚಮಚದ ಜೊತೆಯೇ ಓಡತೊಡಗುತ್ತದೆ, ಚಮಚಕ್ಕೆ ತಡೆಯೇ ಸಿಗುವುದಿಲ್ಲ. ಈಗ ಚಮಚವನ್ನು ತಟ್ಟನೆ ಹಿಂದಕ್ಕೆ ತಿರುಗಿಸಿ. ಕೈಗೆ ತಡೆ ಗೊತ್ತಾಗುತ್ತದೆ, ಚಹಾ ಕಲಕಿ ಚೆಲ್ಲುತ್ತದೆ. ಮಂತು ಪ್ರತಿ ಎಳೆತಕ್ಕೂ ಮಾಡುವುದು ಇದನ್ನೇ. ಬಲಕ್ಕೆ ಓಡುತ್ತಿರುವ ಮೊಸರಿಗೆ ಎಡಕ್ಕೆ ತಿರುಗುವ ಎಸಳು ಎದುರಾಗುತ್ತದೆ. ಹಾಗಾದರೆ ಮಿಕ್ಸಿ ಒಂದೇ ದಿಕ್ಕಿಗೆ ತಿರುಗಿಯೂ ಬೆಣ್ಣೆ ತೆಗೆಯುತ್ತದಲ್ಲ ಎಂದು ಕೇಳುವವರಿರುತ್ತಾರೆ. ಮಿಕ್ಸಿ ಜಾರಿನ ಒಳಗೋಡೆಯ ಮೇಲೆ ಉದ್ದಕ್ಕೆ ಉಬ್ಬಿದ ಏಣುಗಳನ್ನು ಗಮನಿಸಿ. ದ್ರವ ಸುಮ್ಮನೆ ಸುತ್ತದಂತೆ ತಡೆಯಲೆಂದೇ ಅವು ಇರುವುದು. ಮಡಕೆಯ ಗೋಡೆ ನುಣುಪು, ಅಲ್ಲಿ ಏಣಿಲ್ಲ. ಏಣಿನ ಕೆಲಸವನ್ನು ಅಲ್ಲಿ ಹಗ್ಗ ಮಾಡುತ್ತದೆ.

ಅಮೃತಮಥನದ ಕಥೆಯಲ್ಲಿ ವಾಸುಕಿಯ ಒಂದು ತುದಿಯನ್ನು ದೇವತೆಗಳೂ ಇನ್ನೊಂದನ್ನು ಅಸುರರೂ ಸರದಿಯಂತೆ ಎಳೆಯುತ್ತಾರೆ. ಆ ಕಥೆ ಕಟ್ಟಿದವರು ಮೊಸರು ಕಡೆಯುವುದನ್ನು ಹತ್ತಿರದಿಂದ ಕಂಡವರಿರಬೇಕು. ಉಡುಪಿಯ ಕೃಷ್ಣನ ವಿಗ್ರಹದಲ್ಲೂ ಒಂದು ಕೈಯಲ್ಲಿ ಕಡಗೋಲು, ಇನ್ನೊಂದರಲ್ಲಿ ಹಗ್ಗ. ಎರಡೂ ಸೇರಿದರೇ ಸಾಧನ. ನಮ್ಮ ಬೋಧನೋಪಕರಣ ಪ್ರದರ್ಶನದ ಥರ್ಮೋಕೋಲ್ ಕಡಗೋಲುಗಳಿಗೆ ಹಗ್ಗ ಇದ್ದದ್ದನ್ನು ನಾನಿನ್ನೂ ಕಂಡಿಲ್ಲ.

ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯ ಉಷ್ಣಾಂಶದ್ದು. ಬೆಣ್ಣೆ ಬರುವುದು ಬರೀ ಸಾಂದ್ರತೆಯ ವ್ಯತ್ಯಾಸದಿಂದಾದರೆ ಮೊಸರು ಬೆಚ್ಚಗಿದ್ದಷ್ಟೂ ಒಳ್ಳೆಯದು, ಯಾಕೆಂದರೆ ಬೆಚ್ಚಗಿನ ದ್ರವ ತೆಳುವಾಗಿ ಹನಿಗಳು ಬೇಗ ಸರಿಯುತ್ತವೆ. ನಡೆಯುವುದು ಇದಕ್ಕೆ ವಿರುದ್ಧ. "ಬಿಸಿಲೇರೋಕೆ ಮುಂಚೆ ಕಡೀಬೇಕು ಮಗಾ, ಆಮೇಲೆ ಬೆಣ್ಣೆ ಕೂಡಲ್ಲ" ಎನ್ನುತ್ತಾರೆ ಅಜ್ಜಿ. ಬೇಸಿಗೆಯಲ್ಲಿ ಮಡಕೆಗೆ ಒದ್ದೆ ಬಟ್ಟೆ ಸುತ್ತುತ್ತಾರೆ, ಮೊಸರಿಗೆ ತಣ್ಣೀರು ಹಾಕುತ್ತಾರೆ. ಮಾಗಿಯ ಚಳಿಯಲ್ಲಿ ಅದೇ ಅಜ್ಜಿ ಬಿಸಿನೀರು ಹಾಕುತ್ತಾರೆ. ಚಳಿಗಾಲದಲ್ಲೂ ಬೇಸಿಗೆಯಲ್ಲೂ ಅವರು ಹುಡುಕುವುದು ನಡುವಿನ ಒಂದೇ ಹದವನ್ನು. ನಮ್ಮ ಮನೆಯಲ್ಲಿ ಥರ್ಮಾಮೀಟರು ಇಟ್ಟು ನೋಡಿದಾಗ ಅದು 20 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ ಇತ್ತು.

ಹದ ಏಕೆ ಬೇಕು? ಹಾಲಿನ ಕೊಬ್ಬು ಒಂದೇ ಪದಾರ್ಥವಲ್ಲ, ಬೇರೆ ಬೇರೆ ಉಷ್ಣಾಂಶದಲ್ಲಿ ಕರಗುವ ಹಲವು ಕೊಬ್ಬುಗಳ ಮಿಶ್ರಣ. ನಮ್ಮ ಮೈಯ ಬಿಸಿಗೆ ಅದು ಪೂರ್ತಿ ಕರಗಿ ದ್ರವವಾಗುತ್ತದೆ. ಬೆಣ್ಣೆ ಬಾಯಲ್ಲಿ ಕರಗುವುದು ಅದಕ್ಕೇ. ಹದವಾದ ತಂಪಿನಲ್ಲಿ ಹನಿಯೊಳಗಿನ ಕೊಬ್ಬು ಸ್ವಲ್ಪ ಹರಳುಗಟ್ಟಿರುತ್ತದೆ, ಸ್ವಲ್ಪ ದ್ರವವಾಗಿರುತ್ತದೆ. ಹನಿಗಳು ಡಿಕ್ಕಿ ಹೊಡೆದಾಗ ಒಂದರ ಹರಳು ಇನ್ನೊಂದರ ಪೊರೆಯನ್ನು ಚುಚ್ಚುತ್ತದೆ, ದ್ರವ ಕೊಬ್ಬು ಅಂಟಿನಂತೆ ಎರಡನ್ನೂ ಹಿಡಿಯುತ್ತದೆ. ತೀರಾ ತಣ್ಣಗಿದ್ದರೆ ಅಂಟು ಸಾಲದು. ತೀರಾ ಬೆಚ್ಚಗಿದ್ದರೆ ಚುಚ್ಚುವ ಹರಳೂ ಇಲ್ಲ, ಕಾಳಾಗಿ ನಿಲ್ಲುವ ಗಟ್ಟಿತನವೂ ಇಲ್ಲ. ಜಿಡ್ಡು ಮಾತ್ರ ತೇಲುತ್ತದೆ. ಸೆಂಟ್ರಿಫ್ಯೂಜ್ ವಿವರಣೆ ಈ ಹದದ ಬಗ್ಗೆ ಏನನ್ನೂ ಹೇಳಲಾರದು. ಅಜ್ಜಿಯ ತಣ್ಣೀರು, ಬಿಸಿನೀರು ಎರಡೂ ಅದಕ್ಕೆ ಒಗಟೇ.

ತರಗತಿಯಲ್ಲಿ ಮಾಡಿದ್ದು

ಮಂತನ್ನು ಬಸ್ಸಿನಲ್ಲಿ ಹೊತ್ತು ಶಾಲೆಗೆ ತಂದೆ. ಅದನ್ನು ಕಟ್ಟಲು ತರಗತಿಯಲ್ಲಿ ಕಂಬವಿಲ್ಲ, ವರಾಂಡದಲ್ಲಿತ್ತು. ಆದರೂ 40 ನಿಮಿಷದ ಅವಧಿಯಲ್ಲಿ ಬೆಣ್ಣೆ ತೆಗೆಯುವುದನ್ನು ಮಂತಿನ ಮೇಲೆ ಬಿಡುವುದು ಜಾಣತನವಲ್ಲ. ಅದನ್ನು ನೀರು ತುಂಬಿದ ಬಕೆಟ್ಟಿನಲ್ಲಿ ತಿರುಗಿಸಿ ತೋರಿಸಿದೆ, ನೀರಿನ ಮೇಲೆ ಚೂರು ಕಾಗದ ಹಾಕಿ. ಒಂದೇ ದಿಕ್ಕಿಗೆ ಕೈಯಲ್ಲಿ ತಿರುಗಿಸಿದಾಗ ಚೂರುಗಳು ನೆಮ್ಮದಿಯಾಗಿ ಸುತ್ತಿದವು. ಹಗ್ಗ ಹಾಕಿ ಆಚೀಚೆ ಎಳೆದಾಗ ಚೆಲ್ಲಾಪಿಲ್ಲಿಯಾದವು. ಇಷ್ಟು ನೋಡಿದ ಮಕ್ಕಳಿಗೆ ಮುಂದಿನದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ.

ಬೆಣ್ಣೆಗೆ ಮೂರು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಸಾಕಾದವು. ಕೆನೆಗೆ ಹೆಪ್ಪು ಹಾಕಿ ಮಾಡಿದ ಮೊಸರನ್ನು ಮೂರಕ್ಕೂ ಅರ್ಧ ಅರ್ಧ ತುಂಬಿಸಿ ಮುಚ್ಚಳ ಬಿಗಿದೆವು. ಮೊದಲನೆಯದನ್ನು ಒಂದು ಗುಂಪು ಮೇಲಕ್ಕೂ ಕೆಳಕ್ಕೂ ಕುಲುಕಬೇಕು, ತಿರುಗಿಸಬಾರದು. ಎರಡನೆಯದನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟು ತೆಗೆದು ಹಾಗೆಯೇ ಕುಲುಕಬೇಕು. ಮೂರನೆಯದು ಮೇಜಿನ ಮೇಲೆ ಸುಮ್ಮನಿರಬೇಕು. ಯಾವುದರಲ್ಲಿ ಬೆಣ್ಣೆ ಬರುತ್ತದೆಂದು ಮೊದಲೇ ಬರೆಯಿಸಿದೆ. ತಿರುಗಿಸದೆ ಬೆಣ್ಣೆ ಬರುವುದಿಲ್ಲವೆಂದು ಬರೆದವರೇ ಹೆಚ್ಚು. ಅಂದರೆ 'ತಿರುಗುವಿಕೆ' ಎಂಬ ಉತ್ತರ ಅವರ ತಲೆಯಲ್ಲಿ ಕೂತಾಗಿತ್ತು.

ಮೊದಲ ಡಬ್ಬಿಯಲ್ಲಿ 11 ನಿಮಿಷಕ್ಕೆ ಕಾಳು ಕಂಡಿತು. ಅದು ಎಲ್ಲಿಯೂ ಸುತ್ತಿರಲಿಲ್ಲ. ಎರಡನೆಯದರಲ್ಲಿ ಅವಧಿ ಮುಗಿದರೂ ಜಿಡ್ಡಿನ ನೊರೆಯಷ್ಟೇ. ಎಮ್ಮೆ ಮನೆಯ ಹುಡುಗ ಅದಕ್ಕೆ ತಣ್ಣೀರು ಹಾಕಿ ಮತ್ತೆ ಕುಲುಕಿ ನೋಡಬೇಕೆಂದ. ಊಟದ ಬಿಡುವಿನಲ್ಲಿ ಹಾಗೆಯೇ ಮಾಡಿದರು, ಬೆಣ್ಣೆ ಬಂತು. ಪಾಠಯೋಜನೆಯಲ್ಲಿ ನಾನು ಬರೆಯದಿದ್ದ ಈ ಹೆಜ್ಜೆಯೇ ನನ್ನ ಮಟ್ಟಿಗೆ ಆ ದಿನದ ಒಳ್ಳೆಯ ಭಾಗ.

ಇದನ್ನು ಮಾಡಹೊರಡುವವರಿಗೆ ಒಂದು ಎಚ್ಚರಿಕೆ. ಹೋಮೋಜಿನೈಸ್ ಮಾಡಿದ ಪ್ಯಾಕೆಟ್ ಹಾಲು ಬೇಡ. ಆ ಪ್ರಕ್ರಿಯೆಯಲ್ಲಿ ಕೊಬ್ಬಿನ ಹನಿಗಳನ್ನು 1 ಮೈಕ್ರೋಮೀಟರಿಗಿಂತ ಚಿಕ್ಕದಾಗಿ ಒಡೆದಿರುತ್ತಾರೆ, ಹೊಸ ಮೈಗೆ ಹಾಲಿನ ಪ್ರೋಟೀನು ಕವಿದಿರುತ್ತದೆ. ಕೆನೆ ಸರಿಯಾಗಿ ಕಟ್ಟುವುದಿಲ್ಲ, ಬೆಣ್ಣೆಯಂತೂ ದೂರದ ಮಾತು. ಮನೆಯಲ್ಲಿ ಕರೆದ ಹಾಲು ಸಿಕ್ಕರೆ ಒಳ್ಳೆಯದು, ಎಮ್ಮೆಯದಾದರೆ ಇನ್ನೂ ಒಳ್ಳೆಯದು. ಹಸುವಿನ ಹಾಲಿನಲ್ಲಿ ಕೊಬ್ಬು ಶೇ. 4ರ ಸುತ್ತ, ಎಮ್ಮೆಯದರಲ್ಲಿ ಶೇ. 7ರ ಸುತ್ತ. ಒಂದು ಲೀಟರ್ ಎಮ್ಮೆ ಹಾಲಿನ 70 ಗ್ರಾಂ ಕೊಬ್ಬೆಲ್ಲ ಬೆಣ್ಣೆಗೇ ಸೇರಿದರೂ ಹೆಚ್ಚೆಂದರೆ 87 ಗ್ರಾಂ ಬೆಣ್ಣೆ. ಒಂದಿಷ್ಟು ಮಜ್ಜಿಗೆಯಲ್ಲೇ ಉಳಿಯುವುದರಿಂದ ಕೈಗೆ ಬರುವುದು ಅದಕ್ಕಿಂತ ಕಡಿಮೆ. ಹಸುವಿನ ಬೆಣ್ಣೆ ಹಳದಿ, ಎಮ್ಮೆಯದು ಬಿಳಿ ಏಕೆಂಬ ಪ್ರಶ್ನೆ ಖಂಡಿತ ಬರುತ್ತದೆ. ಮೇವಿನ ಕೆರೋಟಿನ್ ಹಸುವಿನ ಕೊಬ್ಬಿಗೆ ಹಾಗೆಯೇ ಸೇರುತ್ತದೆ, ಎಮ್ಮೆ ಅದನ್ನು ಬಣ್ಣವಿಲ್ಲದ ಎ ಜೀವಸತ್ವವಾಗಿ ಮಾರ್ಪಡಿಸಿಬಿಡುತ್ತದೆ.

ಪರೀಕ್ಷೆಯ ಮಾತು

ಇಷ್ಟಾದ ಮೇಲೆ ಪರೀಕ್ಷೆಯಲ್ಲಿ ಮಕ್ಕಳು ಏನು ಬರೆಯಬೇಕು? ಸಹಪಾಠಿಗಳು ಚರ್ಚೆಯಲ್ಲಿ ಮೊದಲು ಎತ್ತಿದ್ದು ಇದನ್ನೇ, ಅದು ನ್ಯಾಯವೇ. ಅಂಕ ಹೋಗುವುದು ಮಗುವಿನದು, ನಮ್ಮದಲ್ಲ. ನಾನು ಅನುಸರಿಸಿದ ದಾರಿ ಹೀಗಿದೆ. ಹಾಲಿನಿಂದ ಕೆನೆ ಬೇರ್ಪಡಿಸುವ ವಿಧಾನ ಯಾವುದೆಂದರೆ ಸೆಂಟ್ರಿಫ್ಯೂಜ್ ವಿಧಾನ. ಇದು ಪರೀಕ್ಷೆಗೂ ಸರಿ, ವಿಜ್ಞಾನಕ್ಕೂ ಸರಿ. ಕೆನೆಯಿಂದ ಬೆಣ್ಣೆ ಎಂದು ಪ್ರಶ್ನೆ ಬಂದರೆ ಪಠ್ಯದ ಉತ್ತರ ಬರೆದು, ಮುಂದೆ 'ಕಡೆಯುವಾಗ ಕೊಬ್ಬಿನ ಹನಿಗಳು ಕೂಡಿ ಬೆಣ್ಣೆಯಾಗುತ್ತವೆ' ಎಂಬ ಒಂದು ವಾಕ್ಯ ಸೇರಿಸಲು ಹೇಳಿದೆ. ಮೌಲ್ಯಮಾಪಕರಿಗೆ ಅದರಿಂದ ತೊಂದರೆಯಿಲ್ಲ.

ಕಡಗೋಲನ್ನು ಪಾಠದಿಂದ ತೆಗೆದುಹಾಕಬೇಕೆಂದು ನನ್ನ ವಾದವಲ್ಲ. ಅದಕ್ಕೆ ಸರಿಯಾದ ಜಾಗ ಅದೇ ಅಧ್ಯಾಯದಲ್ಲೇ ಇದೆ, ಕಲಿಲಗಳ ಭಾಗದಲ್ಲಿ. ಹಾಲು ಎಮಲ್ಷನ್‌ಗೆ ಉದಾಹರಣೆಯೆಂದು ಅಲ್ಲಿ ಕೋಷ್ಟಕದಲ್ಲಿ ಓದಿಸಿ ಮುಂದೆ ಹೋಗುತ್ತೇವೆ. ಆ ಎಮಲ್ಷನ್ ಒಡೆಯುವುದನ್ನು ಕಣ್ಣಾರೆ ತೋರಿಸಬಲ್ಲ ಸಾಧನ ಕಡಗೋಲು. ಸೆಂಟ್ರಿಫ್ಯೂಜ್‌ಗೆ ಮನೆಯ ಉದಾಹರಣೆ ಬೇಕೆಂದರೆ ವಾಷಿಂಗ್ ಮೆಷೀನ್ ಇದ್ದೇ ಇದೆ. ಅದರಲ್ಲೂ ಎರಡು ಹಂತಗಳನ್ನು ಗಮನಿಸಲು ಹೇಳಬಹುದು: ಬಟ್ಟೆ ಒಗೆಯುವಾಗ ಅದು ಅತ್ತ ಇತ್ತ ತಿರುಗುತ್ತದೆ, ನೀರು ಹಿಂಡುವಾಗ ಒಂದೇ ದಿಕ್ಕಿಗೆ ರಭಸವಾಗಿ ಸುತ್ತುತ್ತದೆ. ಎರಡನೆಯದು ಸೆಂಟ್ರಿಫ್ಯೂಜ್. ಕಡಗೋಲು ಮೊದಲನೆಯದರ ಜಾತಿಗೆ ಸೇರಿದ್ದು. ಈ ಹೋಲಿಕೆ ಹೇಳಿದ ಮೇಲೆ ಮೂರನೆಯ ಬೆಂಚಿನವನು ತನ್ನ ಪ್ರಶ್ನೆಗೆ ತಾನೇ ಉತ್ತರ ಹೇಳಿದ.

ಕಡಗೋಲನ್ನು ಯಾರ ಮನೆಯಿಂದಲಾದರೂ ಎರವಲು ತಂದರೆ ಹಿಂದಿರುಗಿಸುವ ಮುನ್ನ ಸೀಳುಗಳಲ್ಲಿ ನಿಂತ ಜಿಡ್ಡನ್ನು ಬಿಸಿನೀರಿನಲ್ಲಿ ತೊಳೆಯಬೇಕು. ನೀರಿನಲ್ಲಿ ನೆನೆಹಾಕಬಾರದು, ಮರ ಉಬ್ಬಿ ತಲೆ ಸಡಿಲವಾಗುತ್ತದೆ. ಬಿಸಿಲಿಗೂ ಇಡಬಾರದು, ಎಸಳು ಸೀಳುತ್ತದೆ. ನೆರಳಲ್ಲಿ ತಲೆ ಮೇಲಾಗಿ ಒರಗಿಸಿಟ್ಟು, ಹಗ್ಗವನ್ನು ಬೇರೆಯಾಗಿ ಒಣಗಿಸಿ ಕೊಡಿ.